ಸೊಂಟದ ಮೂಳೆಯಿಂದ ಒಂದು ಚೂರು

ಸೊಂಟದ ಎಡಭಾಗದಲ್ಲಿ ನೋವು ಶುರುವಾದಾಗ ನಾನು ಮೊದಲು ದೂರಿದ್ದು ಬಸ್ಸನ್ನು. ಡೊಂಬಿವಲಿಯಿಂದ ಮಹಾಪೆಗೆ ಹೋಗುವ ನಮ್ಮ ಕಂಪನಿ ಬಸ್ಸಿನ ಹಿಂದಿನ ಸೀಟುಗಳಲ್ಲಿ ಸ್ಪಂಜು ಎನ್ನುವುದು ಹೆಸರಿಗೆ ಮಾತ್ರ. ಶಿಳಫಾಟಾದ ರಸ್ತೆಯಂತೂ ಯಾವ ಕಾಲಕ್ಕೂ ಅಗೆದೇ ಇರುತ್ತದೆ. ಜತೆಯ ಹೆಂಗಸರೊಂದಿಗೆ ಸೇರಿ ನಾನೂ ಬೈಯುತ್ತಿದ್ದೆ. ಮುಂದಿನ ಸೀಟಿಗೆ ಬಂದೆ. ಮನೆಯಿಂದ ದಿಂಬು ಒಯ್ದೆ. ದೀಪಾವಳಿ ರಜೆಯಲ್ಲಿ ಬಸ್ಸನ್ನೇ ಹತ್ತದೆ ಮನೆಯಲ್ಲಿದ್ದಾಗಲೂ ನೋವು ಹೋಗಲಿಲ್ಲ. ಆಗ ಆಸ್ಪತ್ರೆಗೆ ಫೋನು ಮಾಡಿದೆ.

ಯಾಕೆಂದರೆ ನನಗೆ ಹಿಂದೆ ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ಆಮೇಲೆ ವರ್ಷಗಟ್ಟಲೆ ದಿನಕ್ಕೊಂದು ಮಾತ್ರೆ. ಆ ಮಾತ್ರೆ ನಿಂತ ದಿನ ನನ್ನ ಯಜಮಾನರು ತಾವು ಕೆಲಸ ಮಾಡುವ ಹೋಟೆಲಿನಿಂದ ಮೈಸೂರುಪಾಕು ತಂದು ಇಡೀ ಕಟ್ಟಡಕ್ಕೆ ಹಂಚಿದ್ದರು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಮಗಳ ಮದುವೆ ನಿಶ್ಚಯವಾಯಿತೆಂದು ಕೆಲವರು ತಿಳಿದುಕೊಂಡರು. ಒಮ್ಮೆ ಆ ರೋಗ ಬಂದು ಹೋದವರಿಗೆ ಸಾದಾ ನೋವು ಎನ್ನುವುದು ಇರುವುದಿಲ್ಲ. ಹಲ್ಲು ನೊಂದರೂ, ಕೆಮ್ಮು ಬಂದರೂ ಮೊದಲು ಬರುವ ಯೋಚನೆ ಒಂದೇ. ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಮನೆಯವರ ಮುಖ ನೋಡಲಾಗುವುದಿಲ್ಲ. ಹಾಗಾಗಿ ನಾನು ಬಸ್ಸನ್ನು ಬೈದುಕೊಂಡು ದಿನ ದೂಡಿದ್ದೆ.

ಸ್ಕ್ಯಾನ್ ಆಯಿತು. ನವಿ ಮುಂಬಯಿಯ ಆಸ್ಪತ್ರೆಯೊಂದರ ವೈದ್ಯೆ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಸೊಂಟದ ಮೂಳೆಯ ಹಿಂಬದಿಯಲ್ಲಿ ಒಂದು, ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಇನ್ನೊಂದು, ಎರಡು ಮಚ್ಚೆಗಳು ಹೊಳೆಯುತ್ತಿದ್ದವು.

"ಇದು ಅದೇನಾ?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

"ಅನುಮಾನ ಇದೆ. ಆದರೆ ಫೋಟೋ ನೋಡಿ ಹೇಳುವುದಿಲ್ಲ. ಸೂಜಿ ಹಾಕಿ ಮೂಳೆಯಿಂದ ಒಂದು ಚೂರು ತೆಗೆದು ನೋಡಬೇಕು. ಅದೇ ಆಗಿದ್ದರೂ ಹಳೆಯ ಗುಣವೇ ಇದೆಯೋ ಬದಲಾಗಿದೆಯೋ ಗೊತ್ತಾಗಬೇಕು; ಔಷಧಿ ಅದರ ಮೇಲೆ ನಿಂತಿದೆ. ಬೇರೆ ಏನಾದರೂ ಇರಲೂಬಹುದು." ಆಮೇಲೆ ಅವರು ನನ್ನ ಎಡಗಾಲನ್ನು ನೋಡಿದರು. "ಇವತ್ತಿನಿಂದ ಈ ಕಾಲಿನ ಮೇಲೆ ಭಾರ ಹಾಕಬೇಡಿ ಆಂಟಿ. ಮೂಳೆ ಸವೆದಿದೆ. ಎಡವಿ ಬಿದ್ದರೆ ಮುರಿಯುತ್ತದೆ. ನಿಮ್ಮ ಮನೆ ಎಷ್ಟನೇ ಮಹಡಿ?"

ಮೂರನೇ ಮಹಡಿ, ಲಿಫ್ಟ್ ಇಲ್ಲ ಎಂದೆ. ಹಾಗಾದರೆ ಆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು.

ಆ ದಿನ ಬೆಳಿಗ್ಗೆ ಆ ಮೂರು ಮಹಡಿಯನ್ನು ನಾನೇ ಇಳಿದು ಬಂದಿದ್ದೆ. ಕೈಯಲ್ಲಿ ಚೀಲವೂ ಇತ್ತು. ಸಂಜೆಯ ಹೊತ್ತಿಗೆ ನಾನು ಆ ಮನೆಗೆ ವಾಪಸ್ ಹೋಗಲಾರದವಳಾದೆ. ಮಗಳು ಸ್ನೇಹಾ ಮತ್ತು ಅಳಿಯ ನಿಖಿಲ್ ಕಾಮೋಠೆಯಲ್ಲಿರುತ್ತಾರೆ; ಅವರ ಕಟ್ಟಡಕ್ಕೆ ಲಿಫ್ಟ್ ಇದೆ. ಆಸ್ಪತ್ರೆಯಿಂದ ಸೀದಾ ಅಲ್ಲಿಗೇ ಕರೆದೊಯ್ದರು. ಉಟ್ಟ ಸೀರೆಯಲ್ಲೇ ಹೋದೆ. ಡೊಂಬಿವಲಿಯ ಮನೆಯಲ್ಲಿ ಕುಕ್ಕರಿನಲ್ಲಿ ಬೇಯಿಸಿಟ್ಟ ಬೇಳೆ ಹಾಗೇ ಇತ್ತು. ಮರುದಿನ ಇವರು ಹೋಗಿ ಅದನ್ನು ಚೆಲ್ಲಿ, ನನ್ನ ಬಟ್ಟೆಗಳನ್ನು ತಂದರು. ಒಂದೂ ಸೀರೆಗೆ ಸರಿಯಾದ ರವಿಕೆ ತಂದಿರಲಿಲ್ಲ. ಆಗ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬಂದಿರಲಿಲ್ಲ.

ಅಳಿಯ ಮರಾಠಿ ಹುಡುಗ, ಒಳ್ಳೆಯವನು. ನನಗೆ ಅವರ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟು ಇಬ್ಬರೂ ಹಾಲಿನಲ್ಲಿ ಮಲಗುತ್ತಿದ್ದರು. ಮದುವೆಯಾಗಿ ವರ್ಷವೂ ಆಗದ ಮಕ್ಕಳ ಕೋಣೆಯಲ್ಲಿ, ಅವರ ಮದುವೆಯ ಫೋಟೋದ ಕೆಳಗೆ ಮಲಗುವುದೆಂದರೆ ನನಗೆ ಮುಜುಗರದಿಂದ ಮೈ ಹಿಡಿಯಾಗುತ್ತಿತ್ತು. ಬೇಡವೆಂದರೆ ಸ್ನೇಹಾ ಸಿಟ್ಟಾಗುತ್ತಿದ್ದಳು. ಮನೆಯಲ್ಲಿ ನಮ್ಮದು ತುಳು, ಕನ್ನಡ. ಅವಳಿಗೆ ಎರಡೂ ಅರ್ಥವಾಗುತ್ತವೆ, ಬಾಯಿಯಿಂದ ಬರುವುದು ಮಾತ್ರ ಹಿಂದಿ. "ಅಮ್ಮಾ, ಚುಪ್‌ಚಾಪ್ ಸೋ ಜಾವೋ," ಸುಮ್ಮನೆ ಮಲಗು, ಅನ್ನುತ್ತಿದ್ದಳು.

ಇವರೂ ಅಲ್ಲೇ ಉಳಿದು, ನಸುಕಿನಲ್ಲೇ ಹೋಟೆಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಮಕ್ಕಳಿಬ್ಬರೂ ಕೆಲಸಕ್ಕೆ ಹೊರಡುವಾಗ ಬಾಗಿಲನ್ನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಯಾರಾದರೂ ಬೆಲ್ ಮಾಡಿದರೆ ನಾನು ಅವಸರದಲ್ಲಿ ಎದ್ದು ಬಿದ್ದರೆ ಎಂದು ಅವರ ಹೆದರಿಕೆ. ಎದುರು ಮನೆಯವರ ಬಳಿ ಇನ್ನೊಂದು ಕೀಲಿ ಇತ್ತು. ಆದರೂ ಹೊರಗೆ ಚಿಲಕ ಸರಿಯುವ ಸದ್ದು ಕೇಳಿದ ಕೂಡಲೇ ನನಗೆ ಉಸಿರು ಕಟ್ಟುತ್ತಿತ್ತು. ಮಂಚದಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಮಂಚಕ್ಕೆ ವಾಕರ್ ಹಿಡಿದು ಹೋಗಬೇಕು. ಎಡಗಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಇಡಬೇಕು. ಅದು ನನ್ನದೇ ಕಾಲು, ಆದರೆ ನೆಲದ ಮೇಲೆ ಇಡಲು ಹೆದರಬೇಕು. ಕಿಟಕಿಯ ಆಚೆ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಇನ್ನೊಂದು ಕಟ್ಟಡ. ಅಲ್ಲೊಬ್ಬ ಹೆಂಗಸು ದಿನಾ ಬಟ್ಟೆ ಒಣಹಾಕುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ಆ ಬಟ್ಟೆಗಳನ್ನೇ ನೋಡುತ್ತಿದ್ದೆ. ಮಹಾಪೆಯಲ್ಲಿ ಸ್ಟೋರ್ಸ್ ನೋಡಿಕೊಂಡವಳು ನಾನು. ಯಾವ ಕಪಾಟಿನಲ್ಲಿ ಯಾವ ನಟ್ಟು ಇದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಈಗ ನನ್ನ ಮೈಯೊಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ.

ಸೂಜಿಯ ದಿನ ನಿಗದಿಯಾಗಿತ್ತು. ಅದಕ್ಕೆ ಮೊದಲಿನ ಭಾನುವಾರ ಭಾವ ಬಂದರು.

ಭಾವ ಎಂದರೆ ಯಜಮಾನರ ಅಣ್ಣ, ವಾಸುದೇವ ಭಾವ. ಠಾಣೆಯ ಕೋಪರಿಯಲ್ಲಿ ಅವರ ಹೋಟೆಲು. ಇವರು ಮದುವೆಗೆ ಮುಂಚಿನಿಂದ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನ ಯಾವುದಿದ್ದರೂ ಭಾವನ ಮಾತೇ ಕೊನೆ. ಮಗಳು ಮರಾಠಿ ಹುಡುಗನನ್ನು ಮೆಚ್ಚಿದಾಗ ಇವರು ಬಾಯಿ ಬಿಡಲಾರದೆ ಒದ್ದಾಡಿದ್ದರು; ಭಾವನೇ "ಹುಡುಗ ಒಳ್ಳೆಯವನಲ್ವಾ, ಮತ್ತೆಂತ?" ಎಂದು ಮುಗಿಸಿದ್ದರು. ಅಂಥವರು. ಅವತ್ತು ಕೈಯಲ್ಲಿ ಸ್ಟೀಲಿನ ಡಬ್ಬ, ಅದರಲ್ಲಿ ನನಗಿಷ್ಟದ ಗೋಳಿಬಜೆ. ಬಿಸಿಯಾಗಿರಲಿ ಎಂದು ಎರಡೆರಡು ಟವೆಲ್ ಸುತ್ತಿಕೊಂಡು ಬಂದಿದ್ದರು. ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ಇವರು ಬಾಗಿಲಿಗೆ ಒರಗಿ ನಿಂತರು.

"ಗಿರಿಜಾ, ಸೂಜಿ ಬೇಡ," ಎಂದರು ಭಾವ.

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

"ಡಾಕ್ಟ್ರು ಹೇಳಿದ್ದಾರಲ್ವಾ ಭಾವ, ಎಂತ ಅಂತ ಗೊತ್ತಾಗ್ಬೇಕು ಅಂತ."

"ಎಂತ ಅಂತ ಗೊತ್ತುಂಟಲ್ಲ ನಮಗೆ. ಮೊದಲು ಇದ್ದದ್ದೇ. ಮದ್ದು ಕೊಡ್ಲಿ, ಬೇಡ ಅಂತ ಯಾರು ಹೇಳಿದ್ದು? ಆದರೆ ಅದನ್ನು ಕೆದಕುವುದು ಯಾಕೆ? ಸುಮ್ಮನೆ ಇದ್ದದ್ದು ಎದ್ದು ಮೈಯೆಲ್ಲ ಹರಡ್ತದೆ." ಅವರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದರು. "ಜಲಜೆಗೆ ಎಂತಾಯ್ತು, ನೋಡಿದ್ದೀಯಲ್ಲ?"

ಜಲಜಕ್ಕ ಭಾವನ ತಂಗಿ, ಇವರ ಅಕ್ಕ. ಊರಿನಲ್ಲಿ ಅವರ ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ ಮೇಲೆ ಮುಂದಿನ ನವರಾತ್ರಿಯನ್ನು ಅವರು ನೋಡಲಿಲ್ಲ. ನಮ್ಮ ಮನೆಯಲ್ಲಿ ಆ ಸಾವಿನ ಬಗ್ಗೆ ಮಾತಾಡುವುದಿಲ್ಲ. ಮಾತಾಡಿದರೆ ಒಂದೇ ಮಾತು: ಸೂಜಿ ಹಾಕಿ ಕೊಂದರು.

"ಅದು ಹಾಗಲ್ಲ ದೊಡ್ಡಪ್ಪ, ಐಸಾ ನಹೀ ಹೋತಾ," ಎಂದು ಅಡುಗೆಮನೆಯಿಂದ ಸ್ನೇಹಾ ಬಂದಳು.

"ನೀನು ಸುಮ್ಮನಿರು ಮಗಾ. ನೀನು ಮೊಬೈಲಲ್ಲಿ ಓದಿದ್ದು. ನಾನು ಕಣ್ಣಲ್ಲಿ ನೋಡಿದ್ದು."

ನನಗೆ ಮಗ್ಗುಲು ಬದಲಿಸಬೇಕಿತ್ತು, ಸೊಂಟ ಉರಿಯುತ್ತಿತ್ತು. ಆದರೆ ಭಾವನ ಎದುರು ಹೊರಳಾಡುವುದು ಹೇಗೆಂದು ಹಾಗೇ ಬಿದ್ದುಕೊಂಡೆ. ಕೊನೆಗೆ "ಆಯ್ತು ಭಾವ," ಎಂದೆ. ಅವರು ಡಬ್ಬ ಬಿಚ್ಚಿ ಒಂದು ಗೋಳಿಬಜೆಯನ್ನು ನನ್ನ ಕೈಗೇ ಕೊಟ್ಟರು. ತಿಂದೆ.

ಇವರು ಆಸ್ಪತ್ರೆಗೆ ಫೋನ್ ಮಾಡಿ ಈಗ ಬರುವುದಿಲ್ಲ ಎಂದು ಹೇಳಿದರು. ಅಲ್ಲಿಂದ ಮುಂದಿನ ದಿನಗಳು ನನ್ನ ಜೀವನದಲ್ಲೇ ಅತ್ಯಂತ ಇಕ್ಕಟ್ಟಿನವು. ಔಷಧಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ವೈದ್ಯೆ ಚೂರು ನೋಡದೆ ಔಷಧಿ ಶುರು ಮಾಡಲು ತಯಾರಿಲ್ಲ. ಭಾವ ಚೂರು ತೆಗೆಸಲು ತಯಾರಿಲ್ಲ. ಇವರು ಇಬ್ಬರಿಗೂ ಎದುರಾಡುವವರಲ್ಲ. ನಾನು ಬೀಗ ಹಾಕಿದ ಮನೆಯೊಳಗೆ ನೋವಿನ ಮಾತ್ರೆ ನುಂಗಿಕೊಂಡು ಎದುರು ಕಟ್ಟಡದ ಬಟ್ಟೆಗಳನ್ನು ನೋಡುತ್ತಾ ಇದ್ದೆ. ಊರಿನ ಯಾರೋ ಒಬ್ಬರ ಕಷಾಯ ಬಂತು. ಕುಡಿದೆ. ಫೋನು ಮಾಡಿದವರೆಲ್ಲ ಧೈರ್ಯ ಹೇಳಿದರು. ಧೈರ್ಯ ಇಟ್ಟುಕೊಂಡು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಭಾವನ ಮಾತಿನ ಹೆದರಿಕೆ ಇತ್ತು. ಸೂಜಿ ಹಾಕಿದ ಮೇಲೆ ನಿಜಕ್ಕೂ ಹರಡಿದರೆ? ಆಮೇಲೆ ಭಾವನಿಗೆ ಏನೆಂದು ಹೇಳುವುದು? ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬಾತ್‌ರೂಮಿನಲ್ಲಿ ಕಾದಿತ್ತು. ಒಂದು ಬೆಳಿಗ್ಗೆ ಒದ್ದೆ ನೆಲದಲ್ಲಿ ವಾಕರಿನ ಕಾಲು ಜಾರಿತು. ನಾನು ಬೀಳಲಿಲ್ಲ; ನಲ್ಲಿ ಹಿಡಿದು ನಿಂತೆ. ನಿಂತ ಜಾಗದಿಂದ ಹೆಜ್ಜೆ ಎತ್ತಲು ಆಗಲಿಲ್ಲ. ಫೋನು ಮಂಚದ ಮೇಲೆ. ಬಾಗಿಲಿಗೆ ಹೊರಗಿನಿಂದ ಬೀಗ. ಎಡಗಾಲು ಗಾಳಿಯಲ್ಲಿ, ಬಲಗಾಲು ನಡುಗುತ್ತಾ, ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಬಕೆಟ್ಟನ್ನು ಮಗುಚಿ ಹಾಕಿ ಅದರ ಮೇಲೆ ಕುಳಿತು, ಅಲ್ಲಿಂದ ನೆಲಕ್ಕಿಳಿದು, ಕುಳಿತಲ್ಲೇ ಜರುಗುತ್ತಾ ಹೊರಗೆ ಬಂದೆ.

ಸಂಜೆ ಸ್ನೇಹಾ ಬಂದಾಗ ಹೇಳಿದೆ. ಅವಳು ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ನನ್ನ ಪಕ್ಕ ಕುಳಿತು, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು: "ಅಮ್ಮಾ, ಎಲ್ಲರೂ ಹೇಳ್ತಿದ್ದಾರೆ. ನಿನಗೆ ಏನು ಬೇಕು?"

ಇಷ್ಟು ದಿನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಸೂಜಿ ಹಾಕಿಸಬೇಕು," ಎಂದೆ. "ಎಂತ ಅಂತ ನನಗೆ ಗೊತ್ತಾಗಬೇಕು."

ಹೋಟೆಲು ಮುಗಿಸಿ ಇವರು ಬಂದ ಮೇಲೆ ಅವರಿಗೂ ಹೇಳಿದೆ. ಅವರು ಬಹಳ ಹೊತ್ತು ಕೈ ಉಜ್ಜಿಕೊಂಡರು.

"ಅಣ್ಣನಿಗೆ ಹೇಗೆ ಹೇಳುವುದು ಮಾರಾಯ್ತಿ?"

"ಹೇಳಬೇಡಿ. ಸೊಂಟ ನನ್ನದಲ್ವಾ?"

ಅಷ್ಟು ಗಟ್ಟಿಯಾಗಿ ಅವರೊಡನೆ ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ತಲೆಯಾಡಿಸಿದರು. ಹೀಗೆ ಭಾವನಿಗೆ ಗೊತ್ತಾಗದಂತೆ ನಾವು ಆಸ್ಪತ್ರೆಗೆ ಹೋದೆವು. ಅವತ್ತು ಇವರು ಗಲ್ಲಾದಲ್ಲಿ ಯಾಕಿಲ್ಲ ಎನ್ನುವುದಕ್ಕೆ ಜ್ವರದ ಸುಳ್ಳು.

ಸೂಜಿ ಹಾಕುವುದು ಸ್ಕ್ಯಾನ್ ಯಂತ್ರದಲ್ಲೇ. ಬೋರಲು ಮಲಗಿಸಿದರು. ಕೈಗಳು ತಲೆಯ ಮೇಲೆ, ಮುಖ ಪಕ್ಕಕ್ಕೆ. ಹಲಗೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಪ್ರತಿ ಸಲ ಒಳಗೆ ಹೋದಾಗ ಹಿಂದೆ ಯಾರೋ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. "ಹಿಲ್ನಾ ನಹೀ" ಎಂದು ಪದೇ ಪದೇ ಹೇಳುತ್ತಾರೆ. ಅಲುಗಾಡಬೇಡಿ ಎಂದ ಕೂಡಲೇ ಮೈಯ ಒಂದೊಂದು ಜಾಗವೂ ತುರಿಸತೊಡಗುತ್ತದೆ. ಜೋಮು ಬರುವ ಇಂಜೆಕ್ಷನ್ ಕೊಟ್ಟರು. ಅದು ಚರ್ಮಕ್ಕೆ, ಮೂಳೆಯ ಮೇಲ್ಪದರಕ್ಕೆ. ಮೂಳೆಯ ಒಳಗೆ ಜೋಮು ಬರುವುದಿಲ್ಲ. ಅಲ್ಲಿ ಸೂಜಿಯನ್ನು ಚುಚ್ಚುವುದೂ ಅಲ್ಲ. ತಿರುಗಿಸಿ ತಿರುಗಿಸಿ ಇಳಿಸುತ್ತಾರೆ. ಯಾರೋ ನನ್ನ ಬೆನ್ನ ಮೇಲೆ ಭಾರ ಹಾಕಿ ಒತ್ತುತ್ತಿರುವುದು ಗೊತ್ತಾಗುತ್ತಿತ್ತು. ಮೂಳೆ ಕರಕರ ಎನ್ನುವುದು ಕಿವಿಗೆ ಹೊರಗಿನಿಂದಲ್ಲ, ಒಳಗಿನಿಂದ ಕೇಳುತ್ತಿತ್ತು. ಓಡಲು ಜಾಗವಿಲ್ಲ, ಹೊರಳಲು ಜಾಗವಿಲ್ಲ. ಕಣ್ಣೆದುರಿಗೆ ಗೋಡೆಯ ಒಂದು ತುಂಡು ಮಾತ್ರ. ಆ ಹೊತ್ತಿನಲ್ಲಿ ಒಬ್ಬ ನರ್ಸು ನನ್ನ ಹಿಮ್ಮಡಿಯನ್ನು ಹಿಡಿದುಕೊಂಡಳು. ಅವಳ ಮುಖವನ್ನು ನಾನು ನೋಡಲಿಲ್ಲ. ಅವಳಿಗೆ ನಿಲುಕುತ್ತಿದ್ದುದು ಅಷ್ಟೇ ಇರಬೇಕು. ಬೆಚ್ಚಗಿನ ಆ ಕೈ ಮುಗಿಯುವವರೆಗೂ ಅಲ್ಲೇ ಇತ್ತು.

ಹೊರಗೆ ತಂದ ಮೇಲೆ ವೈದ್ಯರೊಬ್ಬರು ಚಿಕ್ಕ ಬಾಟಲಿಯನ್ನು ತೋರಿಸಿದರು. ನೀರಿನಂಥ ದ್ರವದಲ್ಲಿ ಒಡೆದ ಅಕ್ಕಿ ನುಚ್ಚಿನಷ್ಟು ಬಿಳಿ ಚೂರು. ಮೂಳೆಯಾದ್ದರಿಂದ ಅದನ್ನು ಮೊದಲು ಮೆತ್ತಗೆ ಮಾಡಬೇಕು, ಆಮೇಲೆ ಕತ್ತರಿಸಿ ನೋಡಬೇಕು, ತಡವಾಗುತ್ತದೆ ಎಂದರು.

ಮತ್ತೆ ಕಾಮೋಠೆಯ ಕೋಣೆ. ಆ ಚೂರು ಎಲ್ಲೋ ಬಾಟಲಿಯಲ್ಲಿ ನೆನೆಯುತ್ತಿದೆ ಎಂಬ ಯೋಚನೆ ಊಟ ಮಾಡುವಾಗಲೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ಸೂಜಿಯ ಜಾಗವನ್ನು ಮುಟ್ಟಿ ನೋಡುತ್ತಿದ್ದೆ, ಗಂಟು ಬಂದಿದೆಯೋ ಎಂದು. ನೋಡಬಾರದೆಂದು ನಿರ್ಧರಿಸಿ ಮತ್ತೆ ನೋಡುತ್ತಿದ್ದೆ.

ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು. ಇವರೊಡನೆ ಹೋಗಿ ಕೂತೆ. ವೈದ್ಯೆ ಮೊದಲೇ ಕ್ಷಮಿಸಿ ಎಂದರು. ಚೂರಿನಲ್ಲಿ ಸಿಕ್ಕಿದ್ದು ಸಾಲದು. ಗಟ್ಟಿ ಮೂಳೆ ಮಾತ್ರ ಬಂದಿದೆ, ನೋಡಬೇಕಾದ ಭಾಗ ಬಂದಿಲ್ಲ. ಹೌದೆಂದೂ ಹೇಳುವ ಹಾಗಿಲ್ಲ, ಇಲ್ಲವೆಂದೂ ಹೇಳುವ ಹಾಗಿಲ್ಲ. ಮೂಳೆಯಲ್ಲಿ ಹೀಗಾಗುವುದುಂಟು. ಇನ್ನೊಮ್ಮೆ ಮಾಡಬೇಕು.

ವಾಕರ್ ಹಿಡಿದು ಎದ್ದು ಬಂದೆ. ಹೊರಗಿನ ಕಾಯುವ ಜಾಗದಲ್ಲಿ ಸಾಲು ಸಾಲು ಕಬ್ಬಿಣದ ಕುರ್ಚಿಗಳು, ಎಲ್ಲದರಲ್ಲೂ ಜನ. ಒಬ್ಬ ಮುದುಕ ಎದ್ದು ನನಗೆ ಜಾಗ ಕೊಟ್ಟ. ಕುಳಿತ ಕೂಡಲೇ ಸಿಟ್ಟು ಬಂತು, ಆ ಮುದುಕನ ಮೇಲೂ. ಇವರು ಪಕ್ಕದಲ್ಲಿ ನಿಂತು, "ಅಣ್ಣ ಹೇಳಿದ್ದೇ ಸರಿಯಾಯ್ತಾ ಅಂತ," ಎಂದು ಮೆಲ್ಲಗೆ ಶುರು ಮಾಡಿದರು.

"ಹೋಯ್," ಎಂದೆ ನಾನು. "ಈಗ ಆ ಮಾತು ಆಡಿದ್ರೆ ನಾನು ಇಲ್ಲೇ ಈ ವಾಕರ್ ಎಸೀತೇನೆ."

ಅವರು ಬೆಚ್ಚಿಬಿದ್ದರು. ಮುದುಕನೂ. ಭಾಷೆ ತಿಳಿಯದಿದ್ದರೂ ಅವನಿಗೆ ಅರ್ಥವಾಯಿತು. ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. ಆಮೇಲೆ ಇವರೂ ನಕ್ಕರು. ನಾನು ನಗಲಿಲ್ಲ, ಆದರೆ ಎದೆಯ ಮೇಲಿನ ಭಾರ ಒಂದು ಕ್ಷಣ ಸರಿಯಿತು.

ಮನೆಗೆ ಬರುವ ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಇವರು, "ನಾಳೆ ಅಣ್ಣನಿಗೆ ಹೇಳ್ತೇನೆ. ಕದ್ದು ಎರಡನೇ ಸಲ ಹೋಗ್ಲಿಕ್ಕೆ ನನ್ನಿಂದಾಗುದಿಲ್ಲ," ಎಂದರು. ಬೇಡವೆನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಮರುದಿನ ಹೋಟೆಲಿನಲ್ಲಿ ಏನು ಮಾತಾಯಿತೋ, ಇಂದಿಗೂ ನನಗೆ ಹೇಳಿಲ್ಲ. ಕೇಳಿದಾಗ "ಹೇಳಿದೆ, ಆಯ್ತು," ಎಂದರು ಅಷ್ಟೇ. ಅವತ್ತು ಅವರು ಬೇಗ ಮನೆಗೆ ಬಂದು ಊಟ ಮಾಡದೆ ಮಲಗಿದರು.

ಎರಡನೇ ಸೂಜಿಯ ದಿನ ಆಸ್ಪತ್ರೆಗೆ ಹೋದಾಗ ಕಾಯುವ ಜಾಗದಲ್ಲಿ ಭಾವ ಕೂತಿದ್ದರು. ನಮಗಿಂತ ಮೊದಲೇ ಬಂದಿದ್ದರು. ಬಿಳಿ ಷರಟು, ಮಡಿಲಲ್ಲಿ ಸ್ಟೀಲಿನ ಡಬ್ಬ. ನನ್ನನ್ನು ನೋಡಿ ಎದ್ದು ನಿಂತು ಡಬ್ಬವನ್ನು ಇವರ ಕೈಗೆ ಕೊಟ್ಟರು. ಒಳಗೆ ಕರೆದರು, ಹೋದೆ. ಈ ಸಲ ಬೇರೆ ಕಡೆಯಿಂದ ಇಳಿಸಿದರು, ಹೆಚ್ಚು ಹೊತ್ತು ಹಿಡಿಯಿತು.

ಹೊರಗೆ ತಂದು ಸ್ವಲ್ಪ ಹೊತ್ತು ಮಲಗಿಸಿದ್ದಾಗ ಭಾವ ಪರದೆ ಸರಿಸಿ ಬಂದರು. ಇವರು ಮಾತ್ರೆ ತರಲು ಕೆಳಗೆ ಹೋಗಿದ್ದರು.

"ನೋವುಂಟಾ?"

"ಉಂಟು ಭಾವ."

ಅವರು ಕೂರಲಿಲ್ಲ. ಮಂಚದ ಕಂಬಿ ಹಿಡಿದು ನಿಂತರು. "ಜಲಜೆಯನ್ನು ಸೂಜಿಗೆ ಕರ್ಕೊಂಡು ಹೋದದ್ದು ನಾನೇ, ಗಿರಿಜಾ. ಅವಳು ಬೇಡ ಅಂತ ಅತ್ತಿದ್ದಳು. ನಾನು ಬೈದು ಕರ್ಕೊಂಡು ಹೋದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅವಳೇ ಹೋದಳು ಅಂತ ಹೇಳಿದ್ದು." ಕಂಬಿಯನ್ನು ಬಿಟ್ಟು ಮತ್ತೆ ಹಿಡಿದರು. "ನಿನ್ನನ್ನೂ ಹಾಗೆ ಮಾಡ್ಲಿಕ್ಕೆ ನನ್ನಿಂದಾಗಲಿಲ್ಲ."

ಅಷ್ಟು ದಿನ ಅವರ ಮೇಲೆ ಒಳಗೊಳಗೇ ಕುದಿಯುತ್ತಿದ್ದೆ. ನನ್ನನ್ನು ನೋಡಲು ವೈದ್ಯೆ ಬಂದಾಗ, ಬಿಡದೆ ಕೇಳಿದೆ: ಇವರ ತಂಗಿಗೆ ಹೀಗಾಗಿತ್ತು, ಸೂಜಿಯಿಂದ ಹರಡಿತಾ? ವೈದ್ಯೆ ಅವಸರದಲ್ಲಿದ್ದರು, ಆದರೂ ನಿಂತರು. ಎಷ್ಟು ಕಾಲದಿಂದ ಗಂಟಿತ್ತು ಎಂದು ಭಾವನನ್ನೇ ಕೇಳಿದರು. ಒಂದೂವರೆ ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು ಎಂದರು ಭಾವ.

"ಹಾಗಾದರೆ ಸೂಜಿ ಹಾಕುವ ಮೊದಲೇ ಅದು ಮುಂದೆ ಹೋಗಿತ್ತು ಕಾಕಾ," ಎಂದರು ವೈದ್ಯೆ. "ಸೂಜಿಯಿಂದ ನಿಮಗೆ ಗೊತ್ತಾಯಿತು, ಅಷ್ಟೇ. ನೀವು ಕರೆದುಕೊಂಡು ಹೋದದ್ದು ತಪ್ಪಲ್ಲ."

ಭಾವ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮೂಲೆಯ ಬೇಸಿನ್ನಿಗೆ ಹೋಗಿ ನೀರು ಬಿಟ್ಟು ಮುಖ ತೊಳೆದರು, ಮತ್ತೆ ತೊಳೆದರು. ಷರಟಿನ ಮುಂಭಾಗವೆಲ್ಲ ಒದ್ದೆಯಾಯಿತು.

ಈ ಸಲ ಉತ್ತರ ಬಂತು. ಅದೇ ರೋಗ, ಮೂಳೆಗೆ ಬಂದಿದೆ. ಆದರೆ ಅದರ ಗುಣ ಬದಲಾಗಿದೆ. ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಿದ್ದರೆ ಅದೊಂದೇ ಸಾಲುತ್ತಿರಲಿಲ್ಲ; ಈಗಿನದಕ್ಕೆ ಬೇರೆ ಇಂಜೆಕ್ಷನ್ ಇದೆ. ಇವರು ನನ್ನ ಕೈ ಹಿಡಿದುಕೊಂಡಿದ್ದರು. ನಾನು ಕೇಳಿದ್ದು ಒಂದೇ: "ವಾಸಿಯಾಗುತ್ತಾ?"

"ಹೋಗುವುದಿಲ್ಲ ಆಂಟಿ. ಹದ್ದುಬಸ್ತಿನಲ್ಲಿ ಇಡುತ್ತೇವೆ. ಎಷ್ಟು ಕಾಲ ಆಗುತ್ತದೋ ಅಷ್ಟು ಕಾಲ."

ಹದ್ದುಬಸ್ತಿನಲ್ಲಿ ಇರುವುದು ಅದೋ ನಾನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಾಲಿಗೆ ರೇಡಿಯೇಷನ್ ಕೊಟ್ಟರು. ನೋವು ನಿಧಾನಕ್ಕೆ ತಗ್ಗಿತು. ಮೂಳೆ ಗಟ್ಟಿಯಾಗುತ್ತಿದೆ ಎಂದ ಮೇಲೆ ವಾಕರ್ ಹೋಗಿ ಕೋಲು ಬಂತು, ಮಳೆಗಾಲದ ಹೊತ್ತಿಗೆ ಡೊಂಬಿವಲಿಯ ಮನೆಗೆ ಮರಳಿದೆ. ಮಕ್ಕಳಿಗೆ ಅವರ ಕೋಣೆ ಸಿಕ್ಕಿತು. ಕಂಪನಿಯವರು ಕುಳಿತು ಮಾಡುವ ಕೆಲಸ ಕೊಟ್ಟರು, ವಾರದಲ್ಲಿ ಕೆಲವು ದಿನ ಹೋಗುತ್ತೇನೆ. ಮೂರು ವಾರಕ್ಕೊಮ್ಮೆ ಇಂಜೆಕ್ಷನ್. ಸ್ಕ್ಯಾನಿನ ದಿನ ಹತ್ತಿರ ಬಂದಂತೆ ಮನೆಯಲ್ಲಿ ಎಲ್ಲರ ದನಿ ಸಣ್ಣದಾಗುತ್ತದೆ. ಫಲಿತಾಂಶ ಬಂದು "ಹಾಗೇ ಇದೆ" ಎಂದರೆ ಮುಂದಿನ ಸ್ಕ್ಯಾನಿನವರೆಗೆ ಉಸಿರಾಡುತ್ತೇವೆ. ಇದರಿಂದ ಹೊರಗೆ ಬರುವ ಬಾಗಿಲು ಇಲ್ಲ. ಅದು ಗೊತ್ತಾದ ಮೇಲೆ ಹುಡುಕುವುದನ್ನು ಬಿಟ್ಟೆ. ಕೆಲವು ದಿನ ಬಿಟ್ಟಿರುತ್ತೇನೆ, ಕೆಲವು ದಿನ ಮತ್ತೆ ಹುಡುಕುತ್ತೇನೆ. ಒಂದು ಮಾತ್ರ ನಿಜ: ಏನೆಂದು ಗೊತ್ತಿಲ್ಲದೆ ಬೀಗ ಹಾಕಿದ ಕೋಣೆಯಲ್ಲಿ ಬಿದ್ದಿದ್ದ ಆ ದಿನಗಳಿಗಿಂತ, ಗೊತ್ತಿದ್ದೂ ಬದುಕುವ ಈ ದಿನಗಳು ಮೇಲು.

ಕಳೆದ ತಿಂಗಳು ಕಲ್ಯಾಣದಿಂದ ಒಬ್ಬರು ಫೋನು ಮಾಡಿದರು. ಇಂಜೆಕ್ಷನ್ ದಿನ ಪರಿಚಯವಾದ ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. ಹೆಸರು ಶಾಂತವ್ವ, ಧಾರವಾಡದ ಕಡೆಯವರು. ಮೊದಲು ಗಂಟಲಿನದಾಗಿತ್ತು, ಈಗ ಬೆನ್ನುಮೂಳೆಯಲ್ಲಿ ಏನೋ ಕಾಣಿಸಿದೆ, ಚೂರು ತೆಗೆಯಬೇಕೆಂದಿದ್ದಾರೆ.

"ಅಕ್ಕಾರ, ಇಲ್ಲಿ ಎಲ್ಲಾರೂ ಏನೂ ಆಗಂಗಿಲ್ಲ, ಏನೂ ಗೊತ್ತಾಗಂಗಿಲ್ಲ ಅಂತಾರ್ರೀ. ಖರೇ ಹೇಳ್ರಿ, ನೋಯ್ತದೇನು?"

ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. "ನೋಯುತ್ತದೆ," ಎಂದೆ. "ಚರ್ಮದಲ್ಲಿ ಅಲ್ಲ, ಒಳಗೆ. ಸ್ವಲ್ಪ ಹೊತ್ತು ಜೋರಾಗಿ ನೋಯುತ್ತದೆ. ಆಮೇಲೆ ನಿಲ್ಲುತ್ತದೆ."

ಹೆದರಿಸಿಬಿಟ್ಟೆನೇ ಎಂದುಕೊಂಡೆ.

"ನೀವು ಬರ್ತೀರೇನ್ರಿ?" ಎಂದರು ಶಾಂತವ್ವ.

ಹೋದೆ. ಆಸ್ಪತ್ರೆಗೆ ಅವರನ್ನು ಮಗ ಕರೆದುಕೊಂಡು ಬಂದಿದ್ದ, ಮೂವತ್ತರ ಗಂಡಸು, ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದ. ಶಾಂತವ್ವ ನನಗಿಂತ ಸಣ್ಣ ಮೈಯವರು, ತಲೆತುಂಬ ಸೆರಗು. ಪಕ್ಕಪಕ್ಕ ಕುಳಿತಿದ್ದೆವು. ಹೆಸರು ಕರೆದಾಗ ಎದ್ದು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ಅಕ್ಕಾರ, ನೋವಾದ್ರ ಒದರಿದ್ರ ನಡೀತದೇನ್ರಿ?"

"ಒದರಿ," ಎಂದೆ. "ಮೈ ಮಾತ್ರ ಅಲುಗಾಡಿಸಬೇಡಿ. ಎರಡನೇ ಸಲ ನಾನು ಆಸ್ಪತ್ರೆಯೆಲ್ಲ ಕೇಳುವ ಹಾಗೆ ಒದರಿದ್ದೆ."

ಅವರು ನಕ್ಕು ಒಳಗೆ ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಆಚೆಯಿಂದ "ಯವ್ವಾ!" ಎಂದು ತುಂಬು ದನಿಯ ಕೂಗು ಕೇಳಿಸಿತು. ಮಗ ಬಾಗಿಲ ಕಡೆ ಧಾವಿಸಿದ. ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ.

"ಕೂಗಲಿ ಬಿಡಪ್ಪ," ಎಂದೆ. "ಕೂಗಲಿ."